ಓಲೆಯ ಬೆಲೆ

ಆಭರಣಕ್ಕೆ ಬೆಲೆ ಕಟ್ಟುವವರು ಯಾರು? ಮಾರುವ ವ್ಯಾಪಾರಿಯೆ, ಕೊಂಡು ಕೊಟ್ಟ ಗಂಡನೆ, ತೊಟ್ಟ ಹೆಣ್ಣೆ? 1953ರಲ್ಲಿ ತೆರೆಕಂಡ ‘ಮದಾಂ ದ...’ ಎಂಬ ಫ್ರೆಂಚ್ ಚಿತ್ರದ ಕಥೆಯೆಲ್ಲವೂ ಈ ಪ್ರಶ್ನೆಯ ಸುತ್ತ ಹೆಣೆದುಕೊಂಡಿದೆ. ಲೂಯೀಸ್ ದ ವಿಲ್ಮೊರಾಂ ಎಂಬ ಲೇಖಕಿ 1951ರಲ್ಲಿ ಪ್ರಕಟಿಸಿದ ಕಿರುಕಾದಂಬರಿ ಇದಕ್ಕೆ ಆಧಾರ. ನಿರ್ದೇಶಕ ಮ್ಯಾಕ್ಸ್ ಓಫುಲ್ಸ್. ಕಾದಂಬರಿಯ ನಾಯಕಿಗೆ ಹೆಸರೇ ಇಲ್ಲ. ಚಿತ್ರದಲ್ಲಿ ಆಕೆ ಲೂಯೀಸ್ ಎನಿಸಿಕೊಂಡರೂ ಮನೆತನದ ಹೆಸರು ಮಾತ್ರ ಪ್ರೇಕ್ಷಕರಿಗೆ ಕೊನೆಯವರೆಗೂ ತಿಳಿಯುವುದಿಲ್ಲ.

ಕುದುರೆಗಾಡಿಗಳ ಕಾಲದ ಪ್ಯಾರಿಸ್ ನಗರ. ಸೇನಾಪತಿಯೊಬ್ಬನ ಮಡದಿಯಾದ ಲೂಯೀಸ್ ಗಂಡನಿಗೆ ತಿಳಿಯದಂತೆ ಸಾಲ ತೀರಿಸಬೇಕಾಗಿದೆ. ಬೀರುವಿನಲ್ಲಿರುವ ಒಡವೆ ವಸ್ತ್ರಗಳನ್ನೆಲ್ಲ ಒಂದೊಂದಾಗಿ ತಡವಿ ನೋಡಿ, ತನಗೆ ಬೇಡವಾದುದನ್ನು ಮಾರಲು ಆರಿಸಿಕೊಳ್ಳುತ್ತಾಳೆ. ಅವು ಮದುವೆಯ ಉಡುಗೊರೆಯಾಗಿ ಗಂಡನಿತ್ತ ವಜ್ರದ ಓಲೆಗಳು! ಆ ದಾಂಪತ್ಯ ಎಂತಹುದೆಂದು ಹೇಳಲು ನಿರ್ದೇಶಕನಿಗೆ ಬೇರೆ ಮಾತೇ ಬೇಕಾಗಲಿಲ್ಲ.

ಓಲೆಗಳು ನಾಟಕಶಾಲೆಯಲ್ಲಿ ಕಳೆದುಹೋದುವೆಂದು ಆಕೆ ಸುಳ್ಳಾಡುತ್ತಾಳೆ. ಸುದ್ದಿ ಪತ್ರಿಕೆಗೇರುತ್ತದೆ. ಗಾಬರಿಗೊಂಡ ವ್ಯಾಪಾರಿ ಸೇನಾಪತಿಗೆ ಗುಟ್ಟು ತಿಳಿಸಿ, ಅದೇ ಓಲೆಗಳನ್ನು ಅವನಿಗೇ ಮತ್ತೆ ಮಾರುತ್ತಾನೆ. ಸೇನಾಪತಿ ಅವನ್ನು ಊರು ಬಿಟ್ಟು ಹೊರಟ ತನ್ನ ಪ್ರೇಯಸಿಗೆ ಕೊಡುತ್ತಾನೆ. ಆಕೆ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಜೂಜಾಡಿ ಕಳೆಯುತ್ತಾಳೆ. ಅಲ್ಲಿ ಅವನ್ನು ಕೊಂಡ ಇಟಲಿಯ ರಾಯಭಾರಿ ದೊನಾತಿ ಪ್ಯಾರಿಸ್ಸಿಗೆ ಬಂದು, ಲೂಯೀಸಳಿಗೆ ಮನಸೋತು, ಏನನ್ನೂ ಅರಿಯದೆ ಆ ಓಲೆಗಳನ್ನು ಆಕೆಗೇ ಕಾಣಿಕೆಯಾಗಿ ಕೊಡುತ್ತಾನೆ.

ಬೇಡವೆಂದು ಮಾರಿದ ವಸ್ತು ಈಗ ಪ್ರಾಣಕ್ಕಿಂತ ಮಿಗಿಲಾಯಿತು. ಆದರೆ ತೊಡುವುದೆಂತು? ಹಳೆಯ ಕೈಗವಸಿನಲ್ಲಿ ಸಿಕ್ಕಿದುವೆಂದು ಆಕೆ ಗಂಡನಿಗೆ ಮತ್ತೊಂದು ಸುಳ್ಳು ಹೇಳುತ್ತಾಳೆ. ಅವನಿಗೋ ಎಲ್ಲವೂ ತಿಳಿದಿದೆ. ತಾನಿತ್ತ ಕಾಣಿಕೆ ಗಂಡನ ಮದುವೆಯ ಉಡುಗೊರೆಯೆಂದು ಅರಿತ ದೊನಾತಿಯೂ ಆಕೆಯಿಂದ ದೂರ ಸರಿಯುತ್ತಾನೆ. ಮನಸ್ಸಿನಲ್ಲಿ ಪ್ರೀತಿಯಿಲ್ಲದಾಗ ಸುಳ್ಳು ಬರಿಯ ಆಟವಾಗಿತ್ತು. ಪ್ರೀತಿ ನಿಜವಾದಾಗ ಅದೇ ಸುಳ್ಳು ಕೊರಳಿಗೆ ಉರುಳಾಯಿತು. ಕಾಳಿದಾಸನ ಶಕುಂತಲೆಗೆ ಕಳೆದ ಉಂಗುರ ಸಿಕ್ಕಿ ಬಾಳು ಮರಳಿ ಬಂದಿತು. ಈಕೆಗೆ ಕಳೆದ ಓಲೆ ಸಿಕ್ಕಿ ಬಾಳೇ ಕೈತಪ್ಪಿತು.

ಓಫುಲ್ಸನ ಕ್ಯಾಮೆರಾ ನಿಂತಲ್ಲಿ ನಿಲ್ಲುವುದಲ್ಲ. ಪ್ರೇಮಿಗಳ ನೃತ್ಯದ ದೃಶ್ಯವೊಂದೇ ಅದಕ್ಕೆ ಸಾಕ್ಷಿ. ಒಂದು ರಾತ್ರಿಯ ನೃತ್ಯ ಮತ್ತೊಂದು ರಾತ್ರಿಯ ನೃತ್ಯದಲ್ಲಿ ಕರಗಿಹೋಗುತ್ತದೆ. ಭೇಟಿಗಳ ನಡುವಣ ದಿನಗಳು ಕಡಿಮೆಯಾಗುತ್ತ ಬರುತ್ತವೆ. ಕಡೆಗೆ ಆಳು ದೀಪಗಳನ್ನು ಆರಿಸುತ್ತಿದ್ದರೂ ಇಬ್ಬರಿಗೂ ಎಚ್ಚರವಿಲ್ಲ. ಇನ್ನೊಂದೆಡೆ, ಲೂಯೀಸ್ ಹರಿದು ರೈಲಿನ ಕಿಟಕಿಯಿಂದ ತೂರಿದ ಪತ್ರದ ಚೂರುಗಳು ಹಿಮವಾಗಿ ಸುರಿಯುತ್ತವೆ.

ಲೂಯೀಸಳಾಗಿ ಡಾನಿಯೆಲ್ ದಾರಿಯು, ಗಂಡನಾಗಿ ಶಾರ್ಲ್ ಬುಆಯೆ, ದೊನಾತಿಯಾಗಿ ‘ಬೈಸಿಕಲ್ ಥೀವ್ಸ್’ ಚಿತ್ರದ ನಿರ್ದೇಶಕ ವಿತ್ತೋರಿಯೊ ದ ಸೀಕಾ ನಟಿಸಿದ್ದಾರೆ. ಮೂವರಲ್ಲಿ ಯಾರೂ ದುಷ್ಟರಲ್ಲ. ವ್ಯಂಗ್ಯದ ನಗೆಯ ಹಿಂದೆ ನೋವನ್ನು ನುಂಗಿಕೊಂಡ ಆ ಗಂಡನ ಮೇಲೂ ಪ್ರೇಕ್ಷಕರಿಗೆ ಕನಿಕರ ಹುಟ್ಟುತ್ತದೆ.

ಗಂಡನ ಒತ್ತಾಯದಿಂದ ಪರರ ಪಾಲಾದ ಓಲೆಗಳನ್ನು ಲೂಯೀಸ್ ತನ್ನ ಉಳಿದ ಒಡವೆಗಳನ್ನು ಮಾರಿ ಮರಳಿ ಕೊಳ್ಳುತ್ತಾಳೆ. ಸೇನಾಪತಿ ದೊನಾತಿಯನ್ನು ದ್ವಂದ್ವಯುದ್ಧಕ್ಕೆ ಕರೆದಾಗ ಅವನ್ನೇ ಚರ್ಚಿನಲ್ಲಿ ಒಪ್ಪಿಸಿ ಅವನ ಪ್ರಾಣಭಿಕ್ಷೆ ಬೇಡುತ್ತಾಳೆ. ದೂರದಲ್ಲಿ ಒಂದೇ ಒಂದು ಗುಂಡಿನ ಸದ್ದು ಕೇಳುತ್ತದೆ, ಎರಡನೆಯದು ಕೇಳುವುದಿಲ್ಲ. ಅದನ್ನು ತಾಳಲಾರದೆ ಆಕೆ ಕುಸಿಯುತ್ತಾಳೆ.

ವ್ಯಾಪಾರಿ ಎಷ್ಟು ಸಲ ಮಾರಿದರೂ ಕಟ್ಟಲಾರದೆ ಹೋದ ಬೆಲೆಯನ್ನು ಕೊನೆಗೆ ತೆತ್ತವಳು ಆಕೆ. ಓಲೆಗಳು ಮಾತ್ರ ಚರ್ಚಿನಲ್ಲಿ ಮೊದಲಿನಂತೆಯೇ ಹೊಳೆಯುತ್ತಿವೆ.