ಕ್ಯೋಟೋದ ಟಿಕೇಟು, ಪುಣೆಯ ಪಾಸು

ಪುಣೆಯ ಸಿಂಹಗಡ ರಸ್ತೆಯಲ್ಲಿರುವ ಪು. ಲ. ದೇಶಪಾಂಡೆ ಉದ್ಯಾನಕ್ಕೆ ಪುಣೆ-ಓಕಾಯಾಮಾ ಮೈತ್ರಿ ಉದ್ಯಾನ ಎಂಬ ಇನ್ನೊಂದು ಹೆಸರೂ ಇದೆ. ಜಪಾನಿನ ಓಕಾಯಾಮಾ ನಗರದ ಕೋರಾಕುಯೆನ್ ತೋಟದ ಮಾದರಿಯಲ್ಲಿ ರೂಪುಗೊಂಡ ಈ ಉದ್ಯಾನಕ್ಕೆ ರಜಾದಿನ ಮಕ್ಕಳನ್ನು ಕರೆದುಕೊಂಡು ಹೋಗುವ ಕನ್ನಡಿಗರು ಬಾಗಿಲಲ್ಲಿ ಟಿಕೇಟು ಕೊಂಡೇ ಒಳಗೆ ಹೋಗುತ್ತಾರೆ. ಯಾರೂ ಪಾಸು ಕೇಳುವುದಿಲ್ಲ. ಆದರೆ ಆಟಿ ತಿಂಗಳ ಮಳೆಯಲ್ಲಿ ಊರಿನಿಂದ ಯಕ್ಷಗಾನ ತಂಡವೊಂದು ಪುಣೆಗೆ ಬಂತೆಂದರೆ ಅದೇ ಕುಟುಂಬ ಮಾಡುವ ಮೊದಲ ಕೆಲಸ, ಸಮಿತಿಯ ಯಾರಿಗಾದರೂ ಫೋನು ಹಚ್ಚಿ "ನಾಲ್ಕು ಪಾಸು ಇಟ್ಟಿರಿ ಮಾರಾಯ್ರೆ" ಎನ್ನುವುದು!

ಇದರಲ್ಲಿ ಜಿಪುಣತನವಿದೆ ಎಂದು ಹೇಳಲಾಗದು. ಪುಣೆಯ ಐಟಿ ಕಂಪೆನಿಯೊಂದರಲ್ಲಿ ದುಡಿಯುವ ಕನ್ನಡಿಗ ದಂಪತಿ ಏಪ್ರಿಲ್ ತಿಂಗಳಲ್ಲಿ ಜಪಾನ್ ಪ್ರವಾಸ ಹೊರಟರೆಂದಿಟ್ಟುಕೊಳ್ಳಿ. ಚೆರ್ರಿ ಹೂವಿನ ಕಾಲ. ಕ್ಯೋಟೋ ನಗರದ ಗಿಯೋನ್ ಬಡಾವಣೆಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ನಡೆಯುವ 'ಮಿಯಾಕೋ ಓದೋರಿ' ಎಂಬ ಸಾಂಪ್ರದಾಯಿಕ ನೃತ್ಯ ಪ್ರದರ್ಶನವನ್ನು ನೋಡಲೇಬೇಕು ಎಂದು ಅವರು ಹೊರಡುವ ಮೊದಲೇ ಪುಣೆಯ ಮನೆಯಲ್ಲಿ ಕುಳಿತು, ದಿನಾಂಕ, ಹೊತ್ತು, ಆಸನದ ದರ್ಜೆ ನೋಡಿ, ಚಹಾ ಸಹಿತವಾದ ಟಿಕೇಟು ಬೇಕೋ ಚಹಾ ಇಲ್ಲದ್ದು ಸಾಕೋ ಎಂದು ಚರ್ಚಿಸಿ, ಕ್ರೆಡಿಟ್ ಕಾರ್ಡಿನಿಂದ ಯೆನ್ ಲೆಕ್ಕದಲ್ಲಿ ಹಣ ಕಟ್ಟುತ್ತಾರೆ. ಭಾಷೆ ಬಾರದು, ಕಥೆ ಗೊತ್ತಿಲ್ಲ, ಕುಣಿಯುವವರು ಯಾರೆಂದು ತಿಳಿಯದು. ಸುಮಾರು ಒಂದು ಗಂಟೆಯ ಪ್ರದರ್ಶನ. ಆದರೂ ಆ ಹಣ ದಂಡವಾಯಿತು ಎಂದು ಅವರಿಗೆ ಅನಿಸುವುದಿಲ್ಲ. ಊರಿನ ಆಟದ ವಿಷಯ ಬಂದಾಗ ಮಾತ್ರ ಅದೇ ಕೈ ಯಾಕೆ ಹಿಂದೆ ಸರಿಯುತ್ತದೆ?

ಮಿಯಾಕೋ ಓದೋರಿಯ ಹಿನ್ನೆಲೆಯಲ್ಲಿ ಹೊರನಾಡ ಕನ್ನಡ ಸಂಘಗಳು ಗಮನಿಸಬೇಕಾದ ಒಂದು ಸಂಗತಿ ಇದೆ. ಜಪಾನಿನ ರಾಜಧಾನಿ ಟೋಕಿಯೋಗೆ ಸ್ಥಳಾಂತರಗೊಂಡ ಮೇಲೆ ಕ್ಯೋಟೋ ಕಳೆಗುಂದಿತ್ತು. ಊರಿಗೆ ಮತ್ತೆ ಜೀವ ತುಂಬಲು 1872ರಲ್ಲಿ ಅಲ್ಲಿ ವಸ್ತುಪ್ರದರ್ಶನವೊಂದನ್ನು ಏರ್ಪಡಿಸಿದಾಗ ಅದರ ಅಂಗವಾಗಿ ಈ ನೃತ್ಯ ಆರಂಭವಾಯಿತು. ಅಲ್ಲಿಯ ತನಕ ಗಿಯೋನ್‌ನ ಗೇಯ್ಕೋಗಳ ಕಲೆಯನ್ನು ನೋಡಬೇಕಿದ್ದರೆ ಚಹಾಗೃಹಕ್ಕೆ ಪರಿಚಯಸ್ಥರ ಮೂಲಕವೇ ಹೋಗಬೇಕಿತ್ತು. ಗುರುತಿಲ್ಲದ ಹೊಸಬನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಕಟ್ಟುಪಾಡು ಹಲವು ಚಹಾಗೃಹಗಳಲ್ಲಿ ಇಂದಿಗೂ ಇದೆ. ಆದರೆ ಓದೋರಿಯ ರಂಗಮಂದಿರದಲ್ಲಿ ಟಿಕೇಟು ಕೊಂಡವನು ಯಾರೇ ಇರಲಿ, ಅವನ ಹೆಸರು, ಊರು, ಪರಿಚಯ ಯಾರೂ ಕೇಳುವುದಿಲ್ಲ. ಕೊರೊನಾದಿಂದಾಗಿ 2020ರಲ್ಲಿ ಪ್ರದರ್ಶನ ರದ್ದಾಯಿತು. ದೀರ್ಘಕಾಲದ ದುರಸ್ತಿಯ ಬಳಿಕ 2023ರಲ್ಲಿ ಅದು ತನ್ನದೇ ರಂಗಮಂದಿರಕ್ಕೆ ಮರಳಿತು. ದೂರದೇಶದ ಪ್ರೇಕ್ಷಕರಿಗೂ ಬಾಗಿಲು ತೆರೆದೇ ಇದೆ.

ಪುಣೆಯ ಪಾಸು ಇದಕ್ಕೆ ತೀರ ವಿರುದ್ಧವಾದುದು. ಪಾಸು ಎಂದರೆ ಪರಿಚಯ. ಸಮಿತಿಯವರ ಗುರುತಿದ್ದರೆ ಮುಂದಿನ ಸಾಲಿನ ಆಸನ, ದಾನಿಗಳ ಸಂಬಂಧಿಯಾಗಿದ್ದರೆ ಸೋಫಾ. ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾದ ಧಾರವಾಡದ ಹುಡುಗಿಗೋ ಚಾಕಣ್‌ನ ಕಾರ್ಖಾನೆಯಲ್ಲಿರುವ ಶಿವಮೊಗ್ಗದ ಯುವಕನಿಗೋ ಸಮಿತಿಯಲ್ಲಿ ಯಾರ ಪರಿಚಯವೂ ಇಲ್ಲ. 'ಸರ್ವರಿಗೂ ಆದರದ ಸ್ವಾಗತ' ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದ್ದರೂ ಆ ಪತ್ರಿಕೆ ಅವರ ಕೈಗೆ ತಲುಪುವುದೇ ಇಲ್ಲ. ತಲುಪಿದರೂ ಇದು ಯಾವುದೋ ಒಂದು ಸಮಾಜದ ಮನೆಯ ಕಾರ್ಯಕ್ರಮ ಎಂದುಕೊಂಡು ಅವರು ಸುಮ್ಮನಾಗುತ್ತಾರೆ. ಯುವ ಪೀಳಿಗೆ ಬರುವುದಿಲ್ಲ ಎಂದು ವೇದಿಕೆಯಲ್ಲಿ ಪ್ರತಿ ವರ್ಷ ವಿಷಾದ ವ್ಯಕ್ತಪಡಿಸುವ ಗಣ್ಯರು ಆ ಯುವ ಪೀಳಿಗೆಗೆ ಬಾಗಿಲು ಎಲ್ಲಿದೆ ಎಂದು ಒಮ್ಮೆ ಯೋಚಿಸುವುದು ಒಳಿತು. ಪುಣೆಯಲ್ಲಿ ಜಪಾನೀ ಕಂಪೆನಿಗಳ ನೌಕರರೂ ಇದ್ದಾರೆ. ಅವರಲ್ಲೊಬ್ಬರಿಗೆ ಯಕ್ಷಗಾನ ನೋಡುವ ಆಸೆಯಾದರೆ ಟಿಕೇಟು ಎಲ್ಲಿ ಸಿಗುತ್ತದೆ ಎಂದು ಯಾವ ಕನ್ನಡಿಗನೂ ಹೇಳಲಾರ!

ಯಕ್ಷಗಾನಕ್ಕೆ ಟಿಕೇಟು ಇಡುವುದು ಪರಂಪರೆಗೆ ಅಪಚಾರ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಟೀಲು, ಮಂದಾರ್ತಿ, ಧರ್ಮಸ್ಥಳದಂಥ ಕ್ಷೇತ್ರಗಳ ಮೇಳಗಳು ಆಡುವುದು ಹರಕೆಯ ಆಟ. ಭಕ್ತನೊಬ್ಬ ಹರಕೆ ಹೊತ್ತು ಆಡಿಸುತ್ತಾನೆ, ಊರೇ ಕುಳಿತು ನೋಡುತ್ತದೆ. ಅಲ್ಲಿ ಟಿಕೇಟಿನ ಮಾತೇ ಇಲ್ಲ, ಇರಲೂಬಾರದು. (ಹಾಗೆಂದು ಅಲ್ಲಿ ಮುಂಗಡ ಕಾಯ್ದಿರಿಸುವಿಕೆ ಇಲ್ಲವೆಂದಲ್ಲ. ಕಟೀಲಿನ ಆಟಕ್ಕಾಗಿ ಹರಕೆದಾರರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಕ್ಯೋಟೋದ ಟಿಕೇಟು ಇದರೆದುರು ಏನೂ ಅಲ್ಲ.) ಆದರೆ ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳದು ಬೇರೆಯೇ ದಾರಿ. ನೆಲ, ಕುರ್ಚಿ, ಆರಾಮ ಕುರ್ಚಿ ಎಂದು ದರ್ಜೆ ಮಾಡಿ ಟಿಕೇಟು ಹರಿದು ಆಟ ಆಡಿದ ಮೇಳಗಳಿವು. ಇಂದು ಪುಣೆಯಲ್ಲಿ ಹೋಟೆಲು ನಡೆಸುವ ಎಷ್ಟೋ ಹಿರಿಯರು ಬಾಲ್ಯದಲ್ಲಿ ಚಿಲ್ಲರೆ ಕೂಡಿಸಿ ನೆಲದ ಟಿಕೇಟು ಕೊಂಡವರೇ. ಪುಣೆಯ ಸಭಾಗೃಹದಲ್ಲಿ ಮೂರು ಗಂಟೆಗೆ ಇಳಿಸಿದ ಪ್ರಸಂಗ ಯಾವ ಲೆಕ್ಕದಲ್ಲೂ ಹರಕೆಯ ಬಯಲಾಟವಲ್ಲ.

ಮರಾಠಿ ರಂಗಭೂಮಿಯ ಚರಿತ್ರೆಯೂ ಇಲ್ಲಿ ನೆನಪಾಗದಿರದು. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಅಲ್ಲಿನ ಸಂಸ್ಥಾನಿಕರ ಮುಂದೆ ಆಟ ಆಡಿತು. ಅದನ್ನು ಮೆಚ್ಚಿದ ಸಂಸ್ಥಾನಿಕರು ಮರಾಠಿಯಲ್ಲೂ ಅಂಥದ್ದನ್ನು ಕಟ್ಟಲು ವಿಷ್ಣುದಾಸ ಭಾವೆ ಅವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಹತ್ತು ವರ್ಷಗಳ ಬಳಿಕ ಭಾವೆಯವರ ಮಂಡಳಿ ಮುಂಬಯಿಯ ಗ್ರಾಂಟ್ ರಸ್ತೆಯ ನಾಟಕಗೃಹದಲ್ಲಿ ಟಿಕೇಟು ಇಟ್ಟು ಪ್ರಯೋಗ ನೀಡಿತು. ಬೀಜ ಕನ್ನಡದ ಮೇಳದ್ದು, ಆದರೆ ಟಿಕೇಟು ಕೊಂಡು ನೋಡುವ ಪ್ರೇಕ್ಷಕವರ್ಗವನ್ನು ಬೆಳೆಸಿಕೊಂಡದ್ದು ಮರಾಠಿ. 1968ರಲ್ಲಿ ಆರಂಭವಾದ ಬಾಲಗಂಧರ್ವ ರಂಗಮಂದಿರದ ಟಿಕೇಟು ಕಿಟಕಿಯೆದುರು ನಿಲ್ಲುವ ಮರಾಠಿ ನಿವೃತ್ತ ಗುಮಾಸ್ತನಿಗೆ ನಾಟಕದ ಖರ್ಚು ತಿಂಗಳ ಖರ್ಚಿನಲ್ಲೇ ಸೇರಿದೆ.

ಇನ್ನು ಸವಾಯಿ ಗಂಧರ್ವ ಮಹೋತ್ಸವ. ಕುಂದಗೋಳದ ಗುರುವಿನ ನೆನಪಿಗಾಗಿ ಗದಗಿನ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವವಿದು. ಗಂಗೂಬಾಯಿ ಹಾನಗಲ್ ಅವರು ಹಾಡಿದ ವೇದಿಕೆ. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ನೆಲದ ಬೈಠಕ್‌ನಲ್ಲಿ ಕೂರುವವನೂ ಟಿಕೇಟು ಕೊಂಡೇ ಬಂದಿರುತ್ತಾನೆ. ಪುಣೆಯ ಕನ್ನಡಿಗರೂ ಕೊಳ್ಳುತ್ತಾರೆ, ಹೆಮ್ಮೆಯಿಂದ ಕೊಳ್ಳುತ್ತಾರೆ. ಅಂದಮೇಲೆ ಕನ್ನಡಿಗರಿಗೆ ಟಿಕೇಟು ಕೊಳ್ಳುವ ಅಭ್ಯಾಸವಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ.

ಟಿಕೇಟಿಲ್ಲದ ಆಟದ ಖರ್ಚು ಎಲ್ಲಿಂದ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಿಮ್ಮೇಳ, ಮುಮ್ಮೇಳ, ವೇಷಭೂಷಣದ ಪೆಟ್ಟಿಗೆಗಳ ಸಮೇತ ಬಸ್ಸಿನಲ್ಲಿ ಘಟ್ಟ ಹತ್ತಿ ಬರುವ ತಂಡದ ಪ್ರಯಾಣ, ಸಂಭಾವನೆ, ವಸತಿ, ಸಭಾಗೃಹದ ಬಾಡಿಗೆ, ಬಂದವರೆಲ್ಲರಿಗೂ ಊಟ, ಇವೆಲ್ಲವೂ ಬೆರಳೆಣಿಕೆಯ ದಾನಿಗಳ ಕಿಸೆಯಿಂದ. ಪುಣೆಯ ಹೋಟೆಲು ಉದ್ಯಮಿಗಳ ಔದಾರ್ಯ ಇಲ್ಲದಿದ್ದರೆ ಈ ನಗರದಲ್ಲಿ ಇಷ್ಟು ವರ್ಷ ಚೆಂಡೆಯ ಸದ್ದು ಕೇಳುತ್ತಿರಲಿಲ್ಲ ಎಂದರೆ ಅತಿಶಯೋಕ್ತಿಯಾಗಲಾರದು. ಆದರೆ ದಾನಿಯ ಹಣದಿಂದ ನಡೆಯುವ ಆಟದಲ್ಲಿ ದಾನಿಗೆ ಗೌರವ ಸಲ್ಲಿಸದೆ ಇರಲಾಗುವುದಿಲ್ಲ. ಹೀಗಾಗಿ ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಶಾಲು, ಪೇಟ, ಫಲಪುಷ್ಪ, ಸ್ಮರಣಿಕೆ, ಗಣ್ಯರ ಭಾಷಣ, ಧನ್ಯವಾದ. ಅಷ್ಟರಲ್ಲಿ ಒಂದೂವರೆ ಗಂಟೆ. ಅತ್ತ ಚೌಕಿಯಲ್ಲಿ ಬಣ್ಣ ಹಚ್ಚಿ ಕಿರೀಟ ಕಟ್ಟಿಕೊಂಡ ಕಲಾವಿದ ಬೆವರುತ್ತಾ ಕಾಯುತ್ತಿರುತ್ತಾನೆ. ಸಭಾಗೃಹವನ್ನು ಬಿಟ್ಟುಕೊಡುವ ಸಮಯ ಹತ್ತಿರವಾದಾಗ ಭಾಗವತರಿಗೆ 'ಪದ್ಯ ಕಡಿಮೆ ಮಾಡಿ' ಎಂಬ ಚೀಟಿ ಹೋಗುತ್ತದೆ. ಕತ್ತರಿ ಬೀಳುವುದು ಸನ್ಮಾನಕ್ಕಲ್ಲ, ಯುದ್ಧದ ಪದಗಳಿಗೆ. ಪುಕ್ಕಟೆ ಬಂದ ಪ್ರೇಕ್ಷಕನಿಗೆ ಅದನ್ನು ಪ್ರಶ್ನಿಸುವ ನೈತಿಕ ಹಕ್ಕು ಇಲ್ಲ. ಇನ್ನೂರು ರೂಪಾಯಿ ಕೊಟ್ಟವನಾದರೆ ಆರು ಗಂಟೆಯ ಆಟ ಆರು ಗಂಟೆಗೇ ಶುರುವಾಗಬೇಕು ಎಂದು ಕೇಳಿಯಾನು. ಕ್ಯೋಟೋದಲ್ಲಿ ಒಂದೇ ದಿನ ಹಲವು ಪ್ರದರ್ಶನಗಳು ಸಾಧ್ಯವಾಗುವುದು ಗಡಿಯಾರದ ಈ ಶಿಸ್ತಿನಿಂದಲೇ.

ಹಾಗಾದರೆ ಹೋಟೆಲಿನಲ್ಲಿ ತಟ್ಟೆ ಎತ್ತುವ ಹುಡುಗ, ಅಡುಗೆಯ ಭಟ್ಟ ಆಟ ನೋಡುವುದು ಬೇಡವೇ ಎಂಬುದು ಗಂಭೀರವಾದ ಆಕ್ಷೇಪ. ಪುಣೆಯಲ್ಲಿ ಯಕ್ಷಗಾನದ ನಿಜವಾದ ರಸಿಕರು ಅವರೇ. ಪದ್ಯ ಎತ್ತುವ ಮೊದಲೇ ರಾಗ ಹೇಳುವವರು, ಕೆಲಸ ಮುಗಿಸಿ ಓಡಿ ಬಂದು ಹಿಂದಿನ ಗೋಡೆಗೆ ಒರಗಿ ನಿಲ್ಲುವವರು. ಇಂದಿನ ಪಾಸಿನ ಪದ್ಧತಿಯಲ್ಲೂ ಅವರಿಗೆ ಕುರ್ಚಿ ಸಿಗುತ್ತಿಲ್ಲ ಎಂಬುದನ್ನು ಮರೆಯಬಾರದು. ದಾನಿಗಳ ಹಣ ಸಲ್ಲಬೇಕಾದದ್ದು ಇಲ್ಲಿಯೇ. ಕಾರಿನಲ್ಲಿ ಬರುವವರಿಗೆ ಪುಕ್ಕಟೆ ಸೋಫಾ ಕೊಡುವ ಬದಲು ದಾನಿಯೊಬ್ಬರು ಐವತ್ತು ಟಿಕೇಟು ಕೊಂಡು ಹೋಟೆಲು ಕಾರ್ಮಿಕರಿಗೂ ಕನ್ನಡ ಶಾಲೆಯ ಮಕ್ಕಳಿಗೂ ಹಂಚಲಿ. ಅವರ ಹೆಸರನ್ನು ಟಿಕೇಟಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಿ. ವೇದಿಕೆಯ ಶಾಲಿಗಿಂತ ಅದು ಹೆಚ್ಚು ಜನರ ಕೈಗೆ ತಲುಪುತ್ತದೆ.

ಮೊದಲ ವರ್ಷ ಸಭಾಗೃಹ ಅರ್ಧ ಖಾಲಿ ಉಳಿದೀತು. ಕೆಲವು ಹಿರಿಯ ಸದಸ್ಯರು ಮುನಿಸಿಕೊಂಡಾರು. 'ಸಂಘಕ್ಕೆ ಇಷ್ಟು ವರ್ಷ ದುಡಿದವನಿಗೂ ಟಿಕೇಟೇ?' ಎಂಬ ಪ್ರಶ್ನೆ ಮಹಾಸಭೆಯಲ್ಲಿ ಬಂದೇ ಬರುತ್ತದೆ. ಅಧ್ಯಕ್ಷರು, ಪದಾಧಿಕಾರಿಗಳು ತಾವೇ ಮೊದಲ ಟಿಕೇಟು ಹಣ ಕೊಟ್ಟು ಕೊಂಡರೆ ಆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಮೇ ತಿಂಗಳ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ಬಳಿಕ ಮಳೆಗಾಲದ ತಿರುಗಾಟಕ್ಕೆ ತಂಡಗಳು ಮುಂಬಯಿ, ಪುಣೆಯ ಸಂಘಟಕರೊಂದಿಗೆ ದಿನ ಗೊತ್ತು ಮಾಡುತ್ತವೆ. ಸಭಾಗೃಹ ಕಾಯ್ದಿರಿಸುವ ದಿನವೇ ಟಿಕೇಟು ಅಚ್ಚಿಗೆ ಕೊಟ್ಟರೆ ಎರಡು ತಿಂಗಳ ಕಾಲಾವಕಾಶ ಸಿಗುತ್ತದೆ. ಪ್ರಸಂಗದ ಹೆಸರು, ಭಾಗವತರ ಹೆಸರು, ಕಥೆಯ ನಾಲ್ಕು ಸಾಲು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಇರಲಿ. ಸಮಿತಿಯ ಯಾರ ಪರಿಚಯವೂ ಇಲ್ಲದವನು ಹಿಂಜವಡಿಯಲ್ಲಿ ಕುಳಿತು ಮೊಬೈಲಿನಲ್ಲೇ ಹಣ ಕಟ್ಟಿ ಆಸನ ಪಡೆಯುವಂತಿರಲಿ. ಸನ್ಮಾನ ಐದೂವರೆಗೆ, ಆಟ ಆರಕ್ಕೆ ಎಂದು ಟಿಕೇಟಿನ ಮೇಲೆಯೇ ಅಚ್ಚಾಗಲಿ.