ಕರಪತ್ರವು ಹೊಲವನ್ನು ಮುಟ್ಟುವ ಬಗೆ

ಒಕ್ಕಲುತನದ ತಿಳಿವಳಿಕೆಯನ್ನು ಅಚ್ಚುಹಾಕಿಸಿ ಊರೂರಿಗೆ ಹಂಚಿದೊಡನೆ ಕೆಲಸವು ತೀರಿತೆಂದು ಭಾವಿಸುವುದುಂಟು. ಹಂಚಿದ ಕರಪತ್ರಗಳ ಸಂಖ್ಯೆಯು ದಫ್ತರದ ಲೆಕ್ಕ. ಎಷ್ಟು ಹೊಲಗಳಲ್ಲಿ ಅದರಂತೆ ನಡೆಯಿತೆಂಬುದು ಒಕ್ಕಲಿಗನ ಲೆಕ್ಕ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗಗಳ ಗ್ರಾಮದ ಹಿರಿಯರೂ ಭೂಮಾಲೀಕರೂ ಈ ವಿಷಯಕ್ಕೆ ಲಕ್ಷ್ಯಗೊಡುವುದು ಅವಶ್ಯವಾಗಿದೆ. ಕರಪತ್ರವನ್ನು ಬರೆಯುವುದು ಖಾತೆಯ ಕೆಲಸವಾದಾಗ್ಯೂ ಅದನ್ನು ಹೊಲಕ್ಕೆ ಮುಟ್ಟಿಸುವ ಶಕ್ತಿಯು ಅವರಲ್ಲಿಯೇ ಇರುತ್ತದೆ.

ಬಿಳಿಜೋಳದ ಕಾಡಿಗೆ ರೋಗವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮುಂಬಯಿ ಪ್ರಾಂತದ ಜೋಳದ ಕಾಡಿಗೆ ರೋಗಗಳನ್ನು ಕುರಿತು ಜಿ. ಎಸ್. ಕುಲಕರ್ಣಿಯವರು ಬರೆದ ಪುಸ್ತಿಕೆಯು 1918ರಲ್ಲಿಯೇ ಪೂಸಾದ ಕೃಷಿ ಸಂಶೋಧನ ಸಂಸ್ಥೆಯಿಂದ ಪ್ರಕಟವಾಯಿತು. ರೋಗ ಹತ್ತಿದ ತೆನೆಯಲ್ಲಿ ಕಾಳಿನ ಬದಲು ಕರಿಯ ಪುಡಿ ತುಂಬಿದ ಸಣ್ಣ ಚೀಲಗಳಿರುತ್ತವೆ. ರಾಶಿ ಮಾಡುವಾಗ ಅವು ಒಡೆದು, ಪುಡಿಯು ಒಳ್ಳೆಯ ಕಾಳುಗಳಿಗೆ ಅಂಟಿಕೊಳ್ಳುತ್ತದೆ. ಆ ಕಾಳನ್ನು ಬಿತ್ತಿದರೆ ಮೊಳಕೆಯೊಡನೆಯೇ ರೋಗವು ಸಸಿಯೊಳಗೆ ಸೇರಿ, ತೆನೆ ಹೊರಬೀಳುವವರೆಗೆ ಅಡಗಿರುತ್ತದೆ. ಆಗ ಮಾಡುವುದೇನೂ ಉಳಿಯದು. ಬಿತ್ತುವ ಮುನ್ನ ಕಿಲೋ ಬೀಜಕ್ಕೆ 4 ಗ್ರಾಂ ನುಣುಪಾದ ಗಂಧಕದ ಪುಡಿಯನ್ನು ಲೇಪಿಸಿದರೆ ರೋಗವು ತಪ್ಪುತ್ತದೆ. ಎಕರೆಗೆ 3 ಕಿಲೋ ಬೀಜವೆಂದರೆ 12 ಗ್ರಾಂ ಗಂಧಕ. ಇಷ್ಟು ಅಲ್ಪ ವೆಚ್ಚದ ಉಪಾಯವು ಬಹುಕಾಲದಿಂದ ತಿಳಿದಿದ್ದರೂ, ಮನೆಯ ಬೀಜವನ್ನು ಹಾಗೆಯೇ ಬಿತ್ತುವಲ್ಲಿ ಕಾಡಿಗೆ ತೆನೆಯು ಇಂದಿಗೂ ಕಾಣಬರುತ್ತದೆ. ಶಾಸ್ತ್ರವು ಸಿದ್ಧವಾಗಿದೆ, ಮಾತು ತಲುಪಿಲ್ಲ.

ತಲುಪದಿರುವುದಕ್ಕೆ ಮುಖ್ಯ ಕಾರಣವು ಹೊತ್ತು. ಈ ಸೀಮೆಯ ಎರೆಹೊಲಗಳಲ್ಲಿ ಬಿಳಿಜೋಳದ ಬಿತ್ತಿಗೆಯು ಉತ್ತರಿ, ಹಸ್ತ ಮಳೆಗಳಲ್ಲಿ, ಅಂದರೆ ಸಪ್ಟೆಂಬರದ ನಡುವಿನಿಂದ ಅಕ್ಟೋಬರದ ಮೊದಲ ಭಾಗದೊಳಗೆ ನಡೆಯುತ್ತದೆ. ದಸರೆ ಕಳೆದ ಮೇಲೆ ಬಂದ ಬೀಜೋಪಚಾರದ ಕರಪತ್ರವು ಅಂಗಡಿಯಲ್ಲಿ ಪುಡಿಕೆ ಕಟ್ಟುವುದಕ್ಕೆ ಮಾತ್ರ ಉಪಯೋಗ. ಹುಬ್ಬಿ ಮಳೆಯು ಆರಂಭವಾಗುವ ಮುನ್ನ, ಆಗಸ್ಟದಲ್ಲಿಯೇ, ಗಂಧಕದ ಪೊಟ್ಟಣದೊಡನೆ ಅದು ಊರಲ್ಲಿರತಕ್ಕದ್ದು. ಬರಿಯ ಕಾಗದವನ್ನೋದಿದ ಒಕ್ಕಲಿಗನು ಹದ ಬಿಟ್ಟು ಗಂಧಕವನ್ನು ಹುಡುಕುತ್ತ ಪೇಟೆಗೆ ಹೋಗುವನೆಂದು ನಂಬುವವರು ಕೂರಿಗೆಯ ಹಿಂದೆ ನಡೆದವರಲ್ಲ.

ಬರವಣಿಗೆಯಲ್ಲಿಯೂ ದೋಷವುಂಟು. ಒಂದೇ ಕರಪತ್ರದಲ್ಲಿ ಬೀಜ, ಗೊಬ್ಬರ, ಒಡ್ಡು, ದನಗಳ ರೋಗ ಎಲ್ಲವನ್ನೂ ತುರುಕಿದರೆ ಯಾವುದೂ ನೆನಪಿನಲ್ಲಿ ನಿಲ್ಲದು. ಒಂದು ಕರಪತ್ರಕ್ಕೆ ಒಂದೇ ಕೆಲಸ ಸಾಕು. ಮಾತು ಸೀಮೆಯದಾಗಿರಬೇಕು. ಬೆಂಗಳೂರ ಕಡೆಯ ‘ಕಡಲೆಕಾಯಿ’ಯು ಇಲ್ಲಿಯ ಶೇಂಗಾ, ಬಾದಾಮಿಯ ಒಕ್ಕಲಿಗನಿಗೆ ಕಡಲೆಯೆಂದರೆ ಹಿಂಗಾರಿಯ ಬೇರೊಂದು ಬೆಳೆ. ಈ ಒಂದು ಪದದಿಂದಲೇ ಒಂದು ಬೆಳೆಯ ಔಷಧವು ಇನ್ನೊಂದಕ್ಕೆ ಬೀಳಬಹುದು. ತಾರೀಖಿನ ಜೊತೆಗೆ ಮಳೆಯ ಹೆಸರನ್ನೂ ಬರೆದರೆ ಓದು ಬಾರದವರೂ ಕೇಳಿ ನೆನಪಿಡುತ್ತಾರೆ. ಇನ್ನು ಚಿತ್ರದ ಮಾತು. ಇಳಕಲ್ಲಿನ ನೇಕಾರರು ಸೀರೆಯ ಸೆರಗಿನಲ್ಲಿ ಜೋಳದ ತೆನೆಯನ್ನು ಕೆಲವೇ ಎಳೆಗಳಲ್ಲಿ ಮೂಡಿಸುತ್ತಾರೆ. ಅದು ತೆನೆಯೆಂದು ಯಾರಿಗೂ ಹೇಳಬೇಕಾಗಿಲ್ಲ. ಕರಪತ್ರದ ಚಿತ್ರವು ಅಷ್ಟು ಸ್ಪಷ್ಟವಾಗಿದ್ದರೆ ಸಾಕು. ಅನೇಕ ಮನೆಗಳಲ್ಲಿ ಬೀಜವನ್ನು ಆರಿಸಿ ಕಾಯ್ದಿಡುವವರು ಹೆಂಗಸರೇ ಆದ್ದರಿಂದ ಕರಪತ್ರವು ಅವರ ಕೈ ಸೇರಬೇಕೆಂಬುದನ್ನು ಬರೆಯುವವರು ಮರೆಯುತ್ತಾರೆ. ಗಂಧಕ ಹಚ್ಚಿ ಉಳಿದ ಕಾಳನ್ನು ರೊಟ್ಟಿಗೆ ಬೀಸಬಾರದು, ದನಕ್ಕೂ ಹಾಕಬಾರದೆಂಬ ಮಾತನ್ನು ದಪ್ಪಕ್ಷರದಲ್ಲಿ ಅಚ್ಚಿಸತಕ್ಕದ್ದು.

ಇನ್ನು ಹಿರಿಯರ ಪಾಲಿನ ಕೆಲಸ. ಗೋಡೆಗೆ ಅಂಟಿಸಿದ ನೂರು ಕಾಗದಗಳಿಗಿಂತ ಚಾವಡಿಯ ಕಟ್ಟೆಯಲ್ಲಿ ಊರವರು ನೆರೆದಾಗ ಹಿರಿಯನೊಬ್ಬನು ಗಟ್ಟಿಯಾಗಿ ಓದಿದ ಒಂದು ಕಾಗದವು ಮೇಲು. ಕೇಳಿದವನು ಅಲ್ಲಿಯೇ ಪ್ರಶ್ನೆ ಮಾಡಬಹುದು. 1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಯೂ, ಈಚಿನ ಮೊಬಾಯಿಲದ ಸಂದೇಶವೂ ಮಾತನ್ನು ಬೇಗ ಮುಟ್ಟಿಸುತ್ತವೆ. ಆದರೆ ತಾರೀಖೂ ಕಳಿಸಿದವರ ಹೆಸರೂ ಇಲ್ಲದ ಸಂದೇಶವನ್ನು ಮುಂದಕ್ಕೆ ದಾಟಿಸುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಹಿತ.

ಓದಿ ಹೇಳಿದ ಹಿರಿಯನು ತನ್ನ ಹೊಲದಲ್ಲಿ ಮಾಡಿ ತೋರಿಸಿದರೆ ಸಂಶಯವು ಬೇಗ ಹೋಗುತ್ತದೆ. ಅಮೇರಿಕದ ಟೆಕ್ಸಾಸ್ ಸೀಮೆಯ ಟೆರೆಲ್ ಎಂಬ ಊರಲ್ಲಿ ಸೀಮನ್ ನ್ಯಾಪ್ ಎಂಬವರು 1903ರಲ್ಲಿ ಒಬ್ಬ ರೈತನ ಸ್ವಂತ ಹೊಲದಲ್ಲಿಯೇ ಹೊಸ ಪದ್ಧತಿಯನ್ನು ನಡೆಸಿ ತೋರಿಸಿದರು. ನಷ್ಟವಾದರೆ ತುಂಬಿಕೊಡಲು ಊರವರು ಹಣ ಕೂಡಿಸಿಟ್ಟಿದ್ದರು, ಅದು ಬೇಕಾಗಲಿಲ್ಲ. ಇಲ್ಲಿ ನಷ್ಟದ ಭಯವೂ ಇಲ್ಲ. ದಾರಿಯ ಬದಿಯ ಹೊಲದಲ್ಲಿ ನಾಲ್ಕು ಸಾಲುಗಳನ್ನು ಗಂಧಕವಿಲ್ಲದ ಬೀಜದಿಂದ ಬಿತ್ತಿ ಗೂಟ ನೆಟ್ಟರೆ ಸಾಕು. ಬನದ ಹುಣ್ಣಿವೆಯ ಹೊತ್ತಿಗೆ ತೆನೆಗಳು ಕಾಳುಗಟ್ಟುತ್ತವೆ. ನೆರೆಯವರು ಎರಡೂ ಕಡೆಯ ಕಾಡಿಗೆ ತೆನೆಗಳನ್ನು ತಾವೇ ಎಣಿಸಬಹುದು. ಅಂತಹ ಒಂದೆರಡು ತೆನೆಗಳನ್ನು ಗಾಜಿನ ಭರಣಿಯಲ್ಲಿ ಮುಚ್ಚಿ ಬಾದಾಮಿಯ ಬನಶಂಕರಿ ಜಾತ್ರೆಗೆ ಒಯ್ದು ಇಟ್ಟರೆ, ನೋಡಿದವರು ಔಷಧವನ್ನು ತಾವಾಗಿಯೇ ಕೇಳುವರು. ಆಗ ಕೊಡುವ ಕರಪತ್ರದಲ್ಲಿ ಬರುವ ಹುಬ್ಬಿ ಮಳೆಗೆ ಪೊಟ್ಟಣವು ಯಾವ ಊರಿನ ಯಾವ ಅಂಗಡಿಯಲ್ಲಿ ಸಿಕ್ಕುವುದೆಂಬುದು ಬರೆದಿರಬೇಕು.