ಬೀಗದ ಗುರುತು ಕಂಡರೆ ವೆಬ್‌ಸೈಟ್ ನಂಬಬಹುದೇ?

‘ವಿಳಾಸದ ಪಕ್ಕ ಬೀಗದ ಗುರುತಿದ್ದರೆ ಆ ವೆಬ್‌ಸೈಟ್ ಅಸಲಿ, ಧೈರ್ಯವಾಗಿ ಕ್ಲಿಕ್ ಮಾಡಿ’ ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ಓಡಾಡುತ್ತಿರುತ್ತದೆ. ಇದು ಅರ್ಧ ಸತ್ಯ.

ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನ್ ಮತ್ತು ಆ ವಿಳಾಸದ ನಡುವೆ ಹೋಗಿಬರುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು. ಆ ತುದಿಯಲ್ಲಿ ಕೂತಿರುವುದು ಬ್ಯಾಂಕೋ ಕಳ್ಳನೋ ಎಂದು ಅದು ಹೇಳುವುದಿಲ್ಲ. ಬೀಗಕ್ಕೆ ಬೇಕಾದ ಸರ್ಟಿಫಿಕೇಟನ್ನು ‘ಲೆಟ್ಸ್ ಎನ್‌ಕ್ರಿಪ್ಟ್’ 2015ರಿಂದ ಉಚಿತವಾಗಿ ಕೊಡುತ್ತಿದೆ. ಒಳ್ಳೆಯ ಕೆಲಸವೇ, ಆದರೆ ನಿಮಿಷಗಳಲ್ಲಿ ಸಿಗುವ ಆ ಸರ್ಟಿಫಿಕೇಟ್ ವಂಚಕರಿಗೂ ಸಿಗುತ್ತದೆ. ಜನ ಬೀಗವನ್ನು ನಂಬಿಕೆಯ ಮುದ್ರೆ ಎಂದುಕೊಳ್ಳುತ್ತಿದ್ದಾರೆ ಎಂಬ ಕಾರಣಕ್ಕೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನು ತೆಗೆಯಿತು.

ವೆಬ್‌ಸೈಟಿನ ಗುಣಮಟ್ಟ ಅದನ್ನು ಕಟ್ಟಿದ ದಿನಕ್ಕೆ ಮುಗಿಯುವುದಿಲ್ಲ. ನಮ್ಮಲ್ಲಿ ಶಾಲೆ, ಸಂಘ, ಅಂಗಡಿಗಳು ಒಮ್ಮೆ ದುಡ್ಡು ಕೊಟ್ಟು ಸೈಟ್ ಮಾಡಿಸಿ ಮರೆತುಬಿಡುವುದೇ ಹೆಚ್ಚು. ಆದರೆ ವೆಬ್ ವಿಳಾಸವನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಅದು ಬಾಡಿಗೆ ಇದ್ದಂತೆ, ಅವಧಿ ಮುಗಿದಾಗ ನವೀಕರಿಸಬೇಕು. ನವೀಕರಿಸದಿದ್ದರೆ ಕೆಲ ದಿನಗಳ ಬಳಿಕ ಅದೇ ವಿಳಾಸವನ್ನು ಯಾರು ಬೇಕಾದರೂ ಪಡೆಯಬಹುದು. ನಾಲ್ಕು ವರ್ಷದ ಹಿಂದೆ ನೀವು ಗ್ರೂಪಿಗೆ ಕಳಿಸಿದ್ದ ವಿದ್ಯಾರ್ಥಿವೇತನದ ಲಿಂಕ್ ಇವತ್ತು ಜೂಜಿನ ಸೈಟ್ ತೆರೆಯುವುದು ಹೀಗೆ. ಅಲ್ಲೂ ಬೀಗ ಇರುತ್ತದೆ!

ನಿರ್ವಹಣೆ ತಪ್ಪಿದರೆ ದೊಡ್ಡವರೂ ಬೀಳುತ್ತಾರೆ. ಜನರ ಸಾಲದ ದಾಖಲೆ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿ ಬಳಸುತ್ತಿದ್ದ ಒಂದು ತಂತ್ರಾಂಶದಲ್ಲಿ ದೋಷವಿತ್ತು. ಅದನ್ನು ಸರಿಪಡಿಸುವ ಅಪ್‌ಡೇಟ್ 2017ರ ಮಾರ್ಚ್‌ನಲ್ಲೇ ಬಂದಿತ್ತು. ಕಂಪನಿ ಅದನ್ನು ಎಲ್ಲ ಕಡೆ ಹಾಕಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಒಳನುಗ್ಗಿದರು. ಒಳಗಿನ ಸಂಚಾರವನ್ನು ಗಮನಿಸಬೇಕಿದ್ದ ಉಪಕರಣದ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಜುಲೈ ಕೊನೆಯಲ್ಲಿ ಅದನ್ನು ನವೀಕರಿಸಿದ ಮೇಲೆಯೇ ಕಳ್ಳತನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿತ್ತು.

ಮುಂದಿನದು ಇನ್ನೂ ಸ್ವಾರಸ್ಯ. ಗ್ರಾಹಕರಿಗಾಗಿ ಕಂಪನಿ ಬೇರೊಂದು ಹೊಸ ವಿಳಾಸದಲ್ಲಿ ಸೈಟ್ ತೆರೆಯಿತು. ಇದೆಷ್ಟು ಅಪಾಯಕಾರಿ ಎಂದು ತೋರಿಸಲು ಒಬ್ಬ ಡೆವಲಪರ್ ಅದೇ ಪದಗಳನ್ನು ಹಿಂದುಮುಂದು ಮಾಡಿ ನಕಲಿ ಸೈಟ್ ಮಾಡಿದರು. ಕಂಪನಿಯ ಅಧಿಕೃತ ಟ್ವಿಟರ್ ಖಾತೆಯೇ ಆ ನಕಲಿ ಲಿಂಕನ್ನು ಗ್ರಾಹಕರಿಗೆ ಕಳಿಸಿತು, ಅದೂ ಹಲವು ಬಾರಿ. ಸ್ವಂತದವರೇ ಗುರುತು ಹಿಡಿಯದ ವಿಳಾಸವನ್ನು ಗ್ರಾಹಕರು ಹೇಗೆ ಹಿಡಿದಾರು?

ನಮ್ಮಲ್ಲಿ ಸರ್ಕಾರಿ ವೆಬ್‌ಸೈಟ್‌ಗಳಿಗೆ 2009ರಿಂದಲೇ ಮಾರ್ಗಸೂಚಿ ಇದೆ, ಅದರ ಮೂರನೇ ಆವೃತ್ತಿ 2023ರಲ್ಲಿ ಬಂತು. ನಮಗೆ ಹೆಚ್ಚು ಉಪಯುಕ್ತ ಎನಿಸುವುದು ರಿಸರ್ವ್ ಬ್ಯಾಂಕಿನ ಕ್ರಮ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕೆಂದು ಅದು ಸೂಚಿಸಿತು. ಈ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ, ಹಾಗೆಯೇ ‘ಡಾಟ್ ಗವ್ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ.

ಆದ್ದರಿಂದ ಲಿಂಕ್ ಫಾರ್ವರ್ಡ್ ಮಾಡುವ ಮುನ್ನ ಬೀಗ ಹುಡುಕಬೇಡಿ, ವಿಳಾಸದ ಬಾಲ ನೋಡಿ. ಆರಂಭದ ಎರಡು ಓರೆಗೆರೆಗಳನ್ನು ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯ ಹಿಂದಿನ ಕೊನೆಯ ಪದಗಳೇ ಮುಖ್ಯ. ಬ್ಯಾಂಕಿನ ಹೆಸರು ಮೊದಲಿಗೆ ಬಂದು ಬಾಲದಲ್ಲಿ ಬೇರೇನೋ ಇದ್ದರೆ ಅದು ಬ್ಯಾಂಕಿನದಲ್ಲ. ಹಳೆಯ ಸಂದೇಶವಾದರೆ ಲಿಂಕನ್ನು ಒಮ್ಮೆ ತೆರೆದು, ಒಳಗಿನ ಪ್ರಕಟಣೆಗಳ ದಿನಾಂಕ ಗಮನಿಸಿ. ಪುಟದ ತಳದಲ್ಲಿ ಈ ವರ್ಷದ ಇಸವಿ ಕಂಡರೆ ಸೈಟನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದುಕೊಳ್ಳಬೇಡಿ. ಎಷ್ಟೋ ಸೈಟ್‌ಗಳಲ್ಲಿ ಅದು ತಾನಾಗಿಯೇ ಬದಲಾಗುತ್ತದೆ.